ರಿಪೋರ್ಟ್‌ಗಿಂತ ಮೊದಲು ನಡಿಗೆ

ಮಧುಮೇಹವಿದ್ದ 78 ವರ್ಷದ ಅಜ್ಜಿಯೊಬ್ಬರ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆಯ ಅಂಕಿ, 6.2 ಬಂದಿತ್ತು. ‘ನಿಮ್ಮನ್ನು ನೋಡಿ ಉಳಿದವರು ಕಲಿಯಬೇಕು’ ಎಂದು ಹೊಗಳಿ ಕಳುಹಿಸಿದ್ದೆ. ಮೂರು ವಾರ ಕಳೆದು ಮಗ ಬಂದರು: ನಸುಕಿನಲ್ಲಿ ಶೌಚಾಲಯಕ್ಕೆ ಹೊರಟ ಅಮ್ಮ ಬಿದ್ದು ಸೊಂಟದ ಮೂಳೆ ಮುರಿದಿದೆ, ಆಸ್ಪತ್ರೆಗೆ ಒಯ್ದಾಗ ಶುಗರ್ 48ಕ್ಕೆ ಕುಸಿದಿತ್ತು. ಶುಗರ್ ಇಳಿಸುವ ಗ್ಲಿಬೆನ್‌ಕ್ಲಮೈಡ್ ಮಾತ್ರೆ ಬರೆದುಕೊಟ್ಟದ್ದು ನಾನೇ. ಹಳೆಯ ಚೀಟಿಗಳನ್ನು ತೆಗೆದು ನೋಡಿದೆ. ಒಂದು ವರ್ಷದಲ್ಲಿ ಅವರ ತೂಕ 52 ಕಿಲೋದಿಂದ 47ಕ್ಕೆ ಇಳಿದಿತ್ತು, ಅದೂ ನನ್ನ ಕೈಬರಹದಲ್ಲೇ. ಬರೆದಿದ್ದೆ, ಓದಿರಲಿಲ್ಲ.

ಮರುವಾರವೇ ನನ್ನ ಕೋಣೆಯ ಹೊರಗಿನ ಕಾರಿಡಾರ್‌ನಲ್ಲಿ ನಾಲ್ಕು ಮೀಟರ್ ಅಂತರಕ್ಕೆ ಎರಡು ಟೇಪ್ ಅಂಟಿಸಿದೆ. 65 ದಾಟಿದ ಮಧುಮೇಹಿಗಳೆಲ್ಲ ಅದರ ನಡುವೆ ಎಂದಿನ ನಡಿಗೆಯಲ್ಲಿ ಬರಬೇಕು, ಊರುಗೋಲು ಇದ್ದವರು ಊರಿಕೊಂಡೇ. ಮೊಬೈಲಿನ ಸ್ಟಾಪ್‌ವಾಚ್ ಸಾಕು. ಐದು ಸೆಕೆಂಡ್ ಮೀರಿದರೆ, ಅಂದರೆ ವೇಗ ಸೆಕೆಂಡಿಗೆ 0.8 ಮೀಟರಿಗಿಂತ ಕಡಿಮೆಯಾದರೆ, ಚೀಟಿಗೆ ಕೆಂಪು ಗುರುತು. ಮೊದಮೊದಲು ಗೆರೆಯ ಮೇಲೆಯೇ ನಿಲ್ಲಿಸಿ ಹೊರಡಿಸುತ್ತಿದ್ದೆ. ಹೆಜ್ಜೆ ಕೀಳುವಾಗಿನ ತಡವೂ ಲೆಕ್ಕಕ್ಕೆ ಸೇರಿ, ಗಟ್ಟಿಮುಟ್ಟಾದವರೂ ಸೋತರು. ಈಗ ಒಂದು ಮೀಟರ್ ಹಿಂದಿನಿಂದಲೇ ನಡೆಸುತ್ತೇನೆ. ‘ಪರೀಕ್ಷೆ’ ಎಂಬ ಮಾತನ್ನೂ ಬಿಟ್ಟೆ. ಅದು ಕಿವಿಗೆ ಬಿದ್ದರೆ ತಾತಂದಿರು ಓಟದ ಪಂದ್ಯಕ್ಕೆ ನಿಂತುಬಿಡುತ್ತಾರೆ.

ಜೊತೆಗೆ ಐದು ಪ್ರಶ್ನೆಗಳು: ಸದಾ ಸುಸ್ತೇ, ಹತ್ತು ಮೆಟ್ಟಿಲು ನಿಲ್ಲದೆ ಹತ್ತುತ್ತೀರಾ, ಸ್ವಲ್ಪ ದೂರ ನಡೆಯಲಾಗುತ್ತದೆಯೇ, ಬೇರೆ ಕಾಯಿಲೆ ಎಷ್ಟಿವೆ, ತೂಕ ಇಳಿದಿದೆಯೇ. ಮೂರು ಅಥವಾ ಹೆಚ್ಚಿನ ಪ್ರಶ್ನೆಗಳಲ್ಲಿ ತೊಂದರೆ ಕಂಡರೆ ಅದು ಫ್ರೇಲ್ಟಿ, ಮುಪ್ಪಿನ ನಿತ್ರಾಣ. ತೂಕದ ವಿಷಯವನ್ನು ಮನೆಯವರು ಪಥ್ಯ ಫಲಿಸಿತೆಂದು ಹೆಮ್ಮೆಯಿಂದ ಹೇಳುತ್ತಾರೆ. ಮೀನಖಂಡ ಮುಟ್ಟಿ ನೋಡಿದರೆ ಕರಗಿದ್ದು ಸ್ನಾಯು ಎಂದು ಗೊತ್ತಾಗುತ್ತದೆ. ಊಟದ ನಂತರದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದೇ ಸ್ನಾಯು. ಅದು ಹೋದರೆ ಕಾಲಿನ ಬಲವೂ ಹೋಯಿತು, ಶುಗರಿನ ಹಿಡಿತವೂ ಹೋಯಿತು.

ನಿತ್ರಾಣ ಕಂಡವರ ಚೀಟಿಯಲ್ಲಿ ಮೊದಲು ಹೊಡೆದುಹಾಕುವುದು ಶುಗರನ್ನು ಕುಸಿಯುವಂತೆ ಮಾಡಬಲ್ಲ ಮಾತ್ರೆಗಳನ್ನು. ಇನ್ಸುಲಿನ್ ಇದ್ದರೆ ಪ್ರಮಾಣ ಇಳಿಸುತ್ತೇನೆ. ಎಚ್‌ಬಿಎ1ಸಿ 8ರ ಆಸುಪಾಸಿನಲ್ಲಿದ್ದರೆ ಬಿಟ್ಟುಬಿಡುತ್ತೇನೆ. ಪ್ರೋಟೀನ್ ಹೆಚ್ಚಿಸಲು ಹೇಳುತ್ತೇನೆ, ಮೂತ್ರಪಿಂಡದ ವರದಿ ನೋಡಿಕೊಂಡು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ವ್ಯಾಯಾಮವನ್ನು ನನ್ನೆದುರೇ ಮಾಡಿಸುತ್ತೇನೆ.

ಕಷ್ಟವೆಲ್ಲ ಮನೆಯವರನ್ನು ಒಪ್ಪಿಸುವುದರಲ್ಲಿದೆ. ‘ಏಳರೊಳಗಿರಬೇಕೆಂದು ನೀವೇ ಹೇಳಿದ್ದಿರಲ್ಲ ಡಾಕ್ಟರೇ?’ ಹೇಳಿದ್ದು ನಿಜ. ಆಗ ಮಧುಮೇಹಿಗಳ ಮೇಲೆ ನಡೆದ ಅಕಾರ್ಡ್ ಎಂಬ ದೊಡ್ಡ ಅಧ್ಯಯನದ ಕಥೆ ಹೇಳುತ್ತೇನೆ: ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗಿಳಿಸಲು ಹೊರಟ ಗುಂಪಿನಲ್ಲೇ ಸಾವು ಹೆಚ್ಚಾಗಿ, 2008ರಲ್ಲಿ ಆ ಬಿಗಿ ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸಿದರು. ಕೆಲವರು ತಲೆಯಾಡಿಸುತ್ತಾರೆ. ಕೆಲವರು ಬೇರೆ ವೈದ್ಯರನ್ನು ಹುಡುಕಿಕೊಂಡು ಹೋಗಿದ್ದೂ ಇದೆ.

ಆ ಅಜ್ಜಿ ಈಗ ವಾಕರ್ ಹಿಡಿದು ಬರುತ್ತಾರೆ. ಹಿಂದಿನ ಸಲ ನಾಲ್ಕು ಮೀಟರಿಗೆ ಹನ್ನೊಂದು ಸೆಕೆಂಡ್, ಈ ಸಲ ಒಂಬತ್ತು. ಎಚ್‌ಬಿಎ1ಸಿ 7.9. ಆ ಅಂಕಿ ನೋಡಿ ಮಗನ ಮುಖ ಇನ್ನೂ ಸಣ್ಣದಾಗುತ್ತದೆ.