ಎರಡಕ್ಷರ ಬಿಟ್ಟು ನಾಲ್ಕಕ್ಷರ ಹಿಡಿದ ಮೇಲೆ: ಟೋಕಿಯೊದಲ್ಲಿ ನನ್ನ ಪಿಜ್ಜಾ ಬೇಟೆ

ಟೋಕಿಯೊ ನಗರದ ನಿಶಿಕಸಾಯಿ ಬಡಾವಣೆಯ ನಮ್ಮ ಬಳಗದಲ್ಲಿ ಒಂದು ಮಾತು ಬಹಳ ದಿನಗಳಿಂದ ಚಲಾವಣೆಯಲ್ಲಿತ್ತು: ಸಸ್ಯಾಹಾರಿಗೆ ಟೋಕಿಯೊದಲ್ಲಿ ಒಳ್ಳೆಯ ಪಿಜ್ಜಾ ಸಿಗುವುದಿಲ್ಲ, ಸಿಕ್ಕರೆ ಜೇಬು ಉಳಿಯುವುದಿಲ್ಲ. ಮೂರು ವರ್ಷ ನಾನೂ ಅದನ್ನೇ ನಂಬಿ, ಬಂದವರಿಗೆಲ್ಲ ಅದನ್ನೇ ಹೇಳಿದೆ. ಈಗ ಅದೇ ಬಳಗ ಶನಿವಾರ ಬೆಳಿಗ್ಗೆ ನನಗೆ ಫೋನ್ ಮಾಡಿ ‘ಈ ವಾರ ಎಲ್ಲಿಗೆ’ ಎಂದು ಕೇಳುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೋತ ಲೆಕ್ಕ. ಮನೆಗೆ ತರಿಸಿದ ಮೊದಲ ‘ತರಕಾರಿ ಪಿಜ್ಜಾ’ಗೆ ಮೂರು ಸಾವಿರ ಯೆನ್ ಹತ್ತಿರ ಕೊಟ್ಟೆ. ಮೇಲೆ ಜೋಳ, ಆಲೂಗಡ್ಡೆ, ಮಯೊನೇಸಿನ ರಂಗೋಲಿ. ಅದರ ಕೆಳಗೆ ಬೇಕನ್, ಅಂದರೆ ಹಂದಿಮಾಂಸದ ಚಿಕ್ಕಚಿಕ್ಕ ಚೂರುಗಳು. ಮುಂದಿನ ಸಲ ಹೋಟೆಲಿಗೇ ಹೋಗಿ ‘ನಿಕು ನಾಶಿ’, ಮಾಂಸ ಬೇಡ, ಎಂದೆ. ಹುಡುಗಿ ನಗುತ್ತ ತಲೆಯಾಡಿಸಿದಳು. ಬೇಕನ್ ಮತ್ತೆ ಬಂತು. ಅವಳ ತಪ್ಪಲ್ಲ. ಇಲ್ಲಿ ಬಹಳ ಜನರ ಬಾಯಲ್ಲಿ ‘ನಿಕು’ ಎಂದರೆ ತಟ್ಟೆಯಲ್ಲಿ ಎದ್ದು ಕಾಣುವ ಮಾಂಸದ ತುಂಡು. ಹ್ಯಾಮ್, ಬೇಕನ್‌ಗಳು ಒಗ್ಗರಣೆಯ ಲೆಕ್ಕ. ಅಂದಿನಿಂದ ಹ್ಯಾಮ್, ಬೇಕನ್, ಸಲಾಮಿ, ಆಂಚೊವಿ ಎಂಬ ಪುಟ್ಟ ಮೀನು ಎಂದು ಒಂದೊಂದನ್ನೂ ಹೆಸರು ಹಿಡಿದು ಬೇಡವೆನ್ನುತ್ತೇನೆ. ಸೂಪಿನ ಆಸೆಯನ್ನಂತೂ ಪೂರ್ತಿ ಬಿಟ್ಟೆ. ತರಕಾರಿ ಸೂಪಿನಲ್ಲೂ ಹೆಚ್ಚಾಗಿ ಕಾನ್ಸೊಮೆ, ಅಂದರೆ ಮಾಂಸ ಬೇಯಿಸಿದ ಸಾರು, ಇರುತ್ತದೆ.

ಆ ಮೂರು ವರ್ಷಗಳಲ್ಲಿ ಸುಮಾರು ನಲವತ್ತು ಕಡೆ ತಿಂದಿರಬೇಕು. ಖರ್ಚು ಒಂದು ಲಕ್ಷ ಯೆನ್‌ಗೆ ಸ್ವಲ್ಪ ಕಡಿಮೆ. ಮತ್ತೆ ಹೋಗಬೇಕೆನಿಸಿದ ಜಾಗಗಳು ನಾಲ್ಕೋ ಐದೋ. ಹೆಂಡತಿಗೆ ಪೂರ್ತಿ ಮೊತ್ತ ಇವತ್ತಿಗೂ ಗೊತ್ತಿಲ್ಲ.

ದಾರಿ ತೋರಿಸಿದ್ದು ಮಗಳು ಕತಕಾನ, ಅಂದರೆ ಹೊರಗಿನ ಪದಗಳನ್ನು ಬರೆಯುವ ಜಪಾನಿ ಲಿಪಿ, ಕಲಿಯುವ ಅಭ್ಯಾಸದ ಪುಸ್ತಕ. ಇಲ್ಲಿ ಪಿಜ್ಜಾವನ್ನು ಎರಡು ರೀತಿ ಬರೆಯುತ್ತಾರೆ. ‘ಪಿಜಾ’ ಎಂದು ಎರಡೇ ಅಕ್ಷರ, ಇಲ್ಲವೇ ‘ಪಿತ್ಸಾ’ ಎಂದು ಚಿಕ್ಕ ಅಕ್ಷರಗಳನ್ನೂ ಸೇರಿಸಿ ನಾಲ್ಕು. ಜೋಳ, ಮಯೊನೇಸಿನವರು ಹೆಚ್ಚಾಗಿ ಎರಡಕ್ಷರದವರು. ಇಟಲಿಯ ನೇಪಲ್ಸ್ ಪದ್ಧತಿಯಲ್ಲಿ ಹಿಟ್ಟು ನಾದುವವರು ನಾಲ್ಕಕ್ಷರ ಬರೆಯುತ್ತಾರೆ, ಇಟಾಲಿಯನ್ ಉಚ್ಚಾರಣೆಯ ಮರ್ಯಾದೆ ಅದು. ನಾನು ನಾಲ್ಕಕ್ಷರವನ್ನೇ ಹಾಕಿ ಹುಡುಕಿದೆ, ಜೊತೆಗೆ ‘ಮಾಕಿಗಾಮಾ’, ಅಂದರೆ ಸೌದೆ ಒಲೆ, ಎಂಬ ಪದವನ್ನೂ ಸೇರಿಸಿದೆ. ಮರುಗಳಿಗೆಯಲ್ಲಿ ನಗರವೇ ಬೇರೆಯಾಗಿ ಕಂಡಿತು.

ಅಂಕಗಳ ವಿಷಯದಲ್ಲೂ ನಾನು ಎಡವಿದ್ದೆ. ನಮ್ಮ ಕಣ್ಣು ನಾಲ್ಕೂವರೆ ನಕ್ಷತ್ರಕ್ಕೆ ಒಗ್ಗಿಬಿಟ್ಟಿದೆ. ಹೋಟೆಲುಗಳಿಗೆ ಜನ ಅಂಕ ಕೊಡುವ ಇಲ್ಲಿನ ತಾಣ ತಾಬೆಲೋಗ್‌ನಲ್ಲಿ 3.5 ಸಿಕ್ಕಿತೆಂದರೆ ಅದು ದೊಡ್ಡ ಮಾತು, 3.3ರಲ್ಲೂ ಮುತ್ತುಗಳಿವೆ. ಹಳೆಯ ದಿನಗಳಲ್ಲಿ ಅಂಥವನ್ನೆಲ್ಲ ‘ಜಸ್ಟ್ ಪಾಸು’ ಎಂದು ದಾಟಿಹೋಗಿದ್ದೆ. ಅಂಗಡಿಯ ಫೋಟೊಗಳಲ್ಲಿ ನಾನು ಪಿಜ್ಜಾ ಬಿಟ್ಟು ಇನ್ನೇನನ್ನು ನೋಡುತ್ತೇನೆ ಎಂಬುದೂ ಒಂದಿದೆ. ಅದು ನನ್ನಲ್ಲೇ ಇರಲಿ.

ಹೊಸ ಜಾಗದಲ್ಲಿ ಮೊದಲು ಮರಿನಾರಾ ಪಿಜ್ಜಾ ಮಾತ್ರ ತರಿಸುತ್ತೇನೆ. ‘ಮರೀನ್ ಅಂದರೆ ಮೀನಲ್ಲವೇನಯ್ಯ’ ಎಂದು ಗೆಳೆಯರು ಗೇಲಿ ಮಾಡಿದ್ದರು. ಹೆಸರಿನಲ್ಲಿ ಸಮುದ್ರವಿದೆಯೇ ಹೊರತು ನೇಪಲ್ಸ್ ಪದ್ಧತಿಯ ಮರಿನಾರಾದಲ್ಲಿರುವುದು ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ. ಆದರೂ ಆಂಚೊವಿ ಇಲ್ಲವೆಂದು ಕೇಳಿಯೇ ತಿನ್ನಿ. ಚೀಸೇ ಇಲ್ಲದ್ದರಿಂದ ಹಿಟ್ಟಿನ ದೋಷ ಮುಚ್ಚಿಡಲು ಜಾಗವಿಲ್ಲ. ಬೆಲೆಯೂ ಪಟ್ಟಿಯಲ್ಲಿ ಬಹುತೇಕ ಎಲ್ಲಕ್ಕಿಂತ ಕಡಿಮೆ.

ಪರೀಕ್ಷೆಗೆ ನಕಾಮೆಗುರೊದ ಸೆಯ್‌ರಿಂಕಾನ್ ಎಂಬ ಪಿಜ್ಜಾ ಅಂಗಡಿಗೆ ಹೋದೆ. ಮೆಟ್ರೊದ ತೋಝಾಯಿ ಲೈನಿನಲ್ಲಿ ಕಾಯಾಬಾಚೊವರೆಗೆ, ಅಲ್ಲಿ ಇಳಿದು ಹಿಬಿಯಾ ಲೈನ್. ಒಂದು ಬದಿಗೆ 250 ಯೆನ್ ಚಿಲ್ಲರೆ. ಅಲ್ಲಿ ಪಿಜ್ಜಾ ಎರಡೇ ಬಗೆ: ಮರಿನಾರಾ, ಮಾರ್ಗರೀಟಾ. ಬೀಟಲ್ಸ್ ಹಾಡುಗಳ ನಡುವೆ ಕೂತು ಎರಡನ್ನೂ ತಿಂದೆ. ಈ ಹೊಸ ಹಾದಿಯ ಮೇಲೆ ನನ್ನ ನಂಬಿಕೆ ಗಟ್ಟಿಯಾದದ್ದು ಅಲ್ಲಿ.

ಆದರೆ ನನ್ನ ಮನಸ್ಸು ನಿಂತದ್ದು ಕುರಾಮಾಯೆ ಕಡೆಯ ಒಂದು ಗಲ್ಲಿಯಲ್ಲಿ. ಹೆಸರು ಹೇಳುವುದಿಲ್ಲ, ಇರುವುದೇ ಎಂಟು ಕುರ್ಚಿ. ಒಲೆಯ ಎದುರಿನ ಕುರ್ಚಿ ಸಿಕ್ಕರೆ ನೋಡಿ: ಪಿಜ್ಜಾ ಮಾಡುವಾತ ಅದನ್ನು ಒಳಗೆ ಸರಿಸುವ ಮುನ್ನ ಒಲೆಯ ನೆಲಕ್ಕೇ ಒಂದು ಹಿಡಿ ಉಪ್ಪು ಎರಚುತ್ತಾನೆ. ಉಪ್ಪು ಚಟಚಟ ಎನ್ನುತ್ತದೆ. ಒಂದೂವರೆ ನಿಮಿಷದೊಳಗೆ ಅಂಚು ಉಬ್ಬಿ, ಕಪ್ಪು ಚುಕ್ಕೆ ಮೂಡಿ, ತಟ್ಟೆ ನನ್ನ ಮುಂದೆ. ಅಂಚನ್ನು ಎತ್ತಿ ತಳ ನೋಡುತ್ತೇನೆ. ಒಳ್ಳೆಯ ಜೋಳದ ರೊಟ್ಟಿಯ ಹಾಗೆ ಅಲ್ಲಲ್ಲಿ ಸುಟ್ಟಿರಬೇಕು, ಎಲ್ಲ ಕಡೆ ಒಂದೇ ಕಂದು ಇದ್ದರೆ ಅದು ಕರೆಂಟಿನ ಒಲೆ. ಕಚ್ಚಿದಾಗ ಮೊದಲು ನಾಲಿಗೆಗೆ ತಾಗುವುದು ತಳದ ಉಪ್ಪು. ನಡುಭಾಗ ಹಸಿಹಸಿ ಇರುತ್ತದೆ, ಈ ಪದ್ಧತಿಯಲ್ಲಿ ಅದು ಹಾಗೇ. ಜೊತೆಗೆ ಬಂದ ಗೆಳೆಯ ‘ಬೆಂದಿಲ್ಲ’ ಎಂದು ವಾಪಸು ಕಳಿಸಲು ಕೈ ಎತ್ತಿದ್ದ, ನಾನೇ ಕೈ ಹಿಡಿದು ಕೂರಿಸಿದೆ.

ಈ ಹಾದಿ ಹಿಡಿದ ಮೇಲೆ ಹದಿಮೂರು ಹದಿನಾಲ್ಕು ಹೊಸ ಜಾಗ ನೋಡಿದ್ದೇನೆ, ಮೂರು ಮಾತ್ರ ಕೈಕೊಟ್ಟವು. ಮಧ್ಯಾಹ್ನದ ಸೆಟ್ಟಿನಲ್ಲಿ ಸಾಲಡ್, ಕಾಫಿ ಸೇರಿ 1,300ರಿಂದ 1,600 ಯೆನ್ ಆಗುತ್ತದೆ. ಅದೇ ಪಿಜ್ಜಾಕ್ಕೆ ರಾತ್ರಿ ಇನ್ನೂ ಐನೂರು ಹೆಚ್ಚು, ಮೇಲೆ ಕೂರುವ ಶುಲ್ಕ ಬೇರೆ. ರಾತ್ರಿ ಹೋಗುವುದು ದಡ್ಡತನ. ತಿಂಗಳ ಕೊನೆಯಲ್ಲಿ ಅಗ್ಗದ ಇಟಾಲಿಯನ್ ಹೋಟೆಲ್ ಸರಪಳಿ ಸೈಜೆರಿಯಾದ 400 ಯೆನ್ ಮಾರ್ಗರೀಟಾ ತಿಂದು ಬರುತ್ತೇನೆ, ನಾಚಿಕೆಯೇನಿಲ್ಲ.

ನಡುವೆ ಮನೆಯಲ್ಲೂ ಕೈ ಸುಟ್ಟುಕೊಂಡೆ. ಇಲ್ಲಿನ ಗ್ಯಾಸ್ ಒಲೆಯ ಕೆಳಗೆ ಮೀನು ಸುಡುವ ಗೂಡಿದೆಯಲ್ಲ, ನಮ್ಮದರಲ್ಲಿ ಮೀನು ಎಂದೂ ಬೆಂದಿಲ್ಲ. ‘ಕ್ಯೋರಿಕಿಕೊ’, ಅಂದರೆ ಬ್ರೆಡ್ಡಿಗೆ ಬಳಸುವ ಗಟ್ಟಿ ಮೈದಾದ ಹಿಟ್ಟನ್ನು, ಫ್ರಿಜ್ಜಿನಲ್ಲಿ ಎರಡು ರಾತ್ರಿ ಹುಳಿಯಲು ಬಿಟ್ಟು, ಅಂಗೈಯಗಲ ತಟ್ಟಿ, ಗೂಡನ್ನು ಐದಾರು ನಿಮಿಷ ಕಾಯಿಸಿ ಒಳಗಿಟ್ಟೆ. ಗೂಡಿನ ಎತ್ತರ ಒಂದು ಗೇಣೂ ಇಲ್ಲ. ಮೊದಲ ಮೂರು ಉಬ್ಬಿ ಮೇಲಿನ ಜ್ವಾಲೆಗೆ ಅಂಟಿ ಇದ್ದಿಲಾದವು, ಹೊಗೆಗೆ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ನಾಲ್ಕನೆಯದರಲ್ಲಿ ಒಂದು ಬದಲಾವಣೆ ಮಾಡಿದೆ. ಅಜ್ಜಿಗೆ ಅರ್ಧ ಕೊಟ್ಟೆ. ಅವರು ತಿಂದು, ಚೆನ್ನಾಗಿದೆ, ಆದರೆ ಇದಕ್ಕೆ ಜೋಳ ಮತ್ತು ಮಯೊನೇಸ್ ಯಾಕೆ ಹಾಕಲಿಲ್ಲ ಎಂದು ಕೇಳಿದರು.