ವರ್ಷ ದಾಟುವ ಪ್ರಾಜೆಕ್ಟಿನಲ್ಲಿ ಟೀಮ್ ನಡುದಾರಿಯಲ್ಲಿ ಸೋಲದ ಹಾಗೆ ನೋಡಿಕೊಳ್ಳುವುದು ಹೇಗೆ

ಹದಿನೆಂಟು ತಿಂಗಳ ಪ್ರಾಜೆಕ್ಟ್ ಅಂದರೆ ಮೊದಲ ಎರಡು ತಿಂಗಳು ಎಲ್ಲರಿಗೂ ಹುರುಪು ಇರುತ್ತದೆ, ಕೊನೆಯ ಎರಡು ತಿಂಗಳು ಗಡುವಿನ ಭಯವೇ ಕೆಲಸ ಮಾಡಿಸುತ್ತದೆ. ಟೀಮ್ ಸೋಲುವುದು ನಡುವಿನಲ್ಲಿ. ಲೀಡ್ ಆದವರು ಹೆಚ್ಚು ಗಮನ ಕೊಡಬೇಕಾದದ್ದೂ ಅಲ್ಲೇ.

ನಾನು ಪೈಪು, ನಲ್ಲಿಯಂಥ ಹಾರ್ಡ್‌ವೇರ್ ಸಾಮಾನಿನ ಸಗಟು ವ್ಯಾಪಾರದ ಕಂಪನಿಯೊಂದರಲ್ಲಿ ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋದಾಗ ಕಲಿತದ್ದನ್ನು ಹೇಳುತ್ತೇನೆ. ಆರು ಜನರ ಟೀಮ್. ಹುಬ್ಬಳ್ಳಿ, ಮೈಸೂರು, ಮಂಗಳೂರಿನಲ್ಲಿ ಗೋದಾಮು.

ಮೊದಲು ಕ್ಯಾಲೆಂಡರ್ ಹಿಡಿದು ಕುಳಿತು, ಕೆಲಸ ಆಗದ ದಿನಗಳನ್ನು ಹೊಡೆದುಹಾಕಿ. ಪ್ರತಿ ತಿಂಗಳು 11ರೊಳಗೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ರೊಳಗೆ 3ಬಿ (ತೆರಿಗೆಯ ಒಟ್ಟು ಲೆಕ್ಕ) ಎಂಬ ಜಿಎಸ್‌ಟಿ ರಿಟರ್ನ್‌ಗಳನ್ನು ಸಲ್ಲಿಸಬೇಕು, ಆ ದಿನಗಳಲ್ಲಿ ಅಕೌಂಟ್ಸ್‌ನವರನ್ನು ಮೀಟಿಂಗಿಗೆ ಕರೆದರೆ ಬಂದರೂ ಮನಸ್ಸು ಅಲ್ಲಿರುವುದಿಲ್ಲ. ದಸರಾ, ದೀಪಾವಳಿ, ಮಾರ್ಚ್ ತಿಂಗಳು ಪೂರ್ತಿ ಹೋಯಿತು. ಉಳಿದದ್ದಷ್ಟೇ ನಿಮ್ಮ ಸಮಯ. ಅದನ್ನೇ ಮೇಲಿನವರಿಗೆ ತೋರಿಸಿ.

ಜನ ಬೇಸತ್ತು ಹೋಗುವುದು ಐಟಂ ಮಾಸ್ಟರ್, ಅಂದರೆ ಸಾಫ್ಟ್‌ವೇರಿನಲ್ಲಿರುವ ಎಲ್ಲಾ ಸಾಮಾನಿನ ಪಟ್ಟಿ, ಸರಿಮಾಡುವಾಗ. ಒಂದೇ ಸಾಮಾನಿಗೆ ಮೂರು ಊರಿನಲ್ಲಿ ಮೂರು ಹೆಸರು. ನಮ್ಮ ಹುಡುಗಿಯೊಬ್ಬಳು ಫೋನ್ ಹಿಡಿದು 15 ಎಂಎಂ ಪೈಪ್ ಎಷ್ಟಿದೆ ಎಂದು ಕೇಳಿದರೆ, ಹುಬ್ಬಳ್ಳಿಯ ಸ್ಟೋರ್‌ಕೀಪರ್ "15 ಎಂಎಂ ನಮ್ಮಲ್ಲಿ ಇಲ್ಲೇ ಇಲ್ರೀ ಮೇಡಂ, ಇರೂದೆಲ್ಲಾ ಅರ್ಧ ಇಂಚಿಂದು" ಅಂದರು. ಎರಡೂ ಒಂದೇ ಪೈಪು! ಇಂಥದ್ದು ಸಾವಿರಾರು. ಇದನ್ನು "ಡೇಟಾ ಕ್ಲೀನಿಂಗ್, ನಾಲ್ಕು ತಿಂಗಳು" ಎಂದು ಒಂದೇ ಸಾಲಿನಲ್ಲಿ ಬರೆದರೆ ಯಾರಿಗೂ ದಡ ಕಾಣುವುದಿಲ್ಲ. ಈ ವಾರ ಹುಬ್ಬಳ್ಳಿಯ ಪೈಪು, ಮುಂದಿನ ವಾರ ಮೈಸೂರಿನ ನಲ್ಲಿಗಳು ಎಂದು ಒಡೆಯಿರಿ, ಶುಕ್ರವಾರ ಸಂಜೆ ಉಳಿದದ್ದೆಷ್ಟು ಎಂದು ಬೋರ್ಡಿನ ಮೇಲೆ ನೀವೇ ಬರೆಯಿರಿ. ಆ ಸಂಖ್ಯೆ ಇಳಿಯುವುದನ್ನು ನೋಡಿದವರ ಮುಖವೇ ಬೇರೆ.

ತೆಗೆದುಕೊಂಡ ತೀರ್ಮಾನಗಳಿಗೆ ಒಂದು ನೋಟ್‌ಬುಕ್ ಇಡಿ: ತಾರೀಖು, ಏನು, ಯಾಕೆ, ಯಾರು ಒಪ್ಪಿದರು. ಆರು ತಿಂಗಳಾದ ಮೇಲೆ "ಇದನ್ನು ಹೀಗೆ ಮಾಡಿ ಅಂದವರು ಯಾರು?" ಎಂಬ ಜಗಳ ಬಂದೇ ಬರುತ್ತದೆ.

ನಡುವೆ ಒಬ್ಬರಾದರೂ ಕೆಲಸ ಬಿಡುತ್ತಾರೆ ಎಂದೇ ಅಂದುಕೊಳ್ಳಿ. ಪ್ರತಿ ಕೆಲಸವೂ ಇಬ್ಬರಿಗೆ ಗೊತ್ತಿರಲಿ. ಹೋಗುವವರ ಮೇಲೆ ಮುನಿಸಿಕೊಳ್ಳಬೇಡಿ, ಉಳಿದವರು ಅದನ್ನು ನೋಡುತ್ತಿರುತ್ತಾರೆ ಅಲ್ವಾ.

ಮೇಲಿನಿಂದ "ಇದೊಂದು ಚಿಕ್ಕದು, ಸೇರಿಸಿಬಿಡಿ" ಎಂದು ಬಂದಾಗ ಸುಮ್ನೆ ತಲೆಯಾಡಿಸಬೇಡಿ. "ಇದನ್ನು ಸೇರಿಸಿದರೆ ಯಾವುದನ್ನು ಬಿಡೋಣ ಸರ್?" ಎಂದು ಮರ್ಯಾದೆಯಿಂದಲೇ ಕೇಳಿ. ಟೀಮಿನ ಪರವಾಗಿ ಈ ಮಾತು ಆಡುವುದು ನಿಮ್ಮ ಕೆಲಸ, ಅವರದ್ದಲ್ಲ.

ಏಪ್ರಿಲ್ 1ಕ್ಕೆ ಹೊಸ ಸಾಫ್ಟ್‌ವೇರನ್ನು ಮೂರೂ ಊರಿನಲ್ಲಿ ಒಟ್ಟಿಗೆ ಶುರುಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಚಿಕ್ಕ ಗೋದಾಮಿನಿಂದ ಶುರುಮಾಡಿ, ಒಂದು ತಿಂಗಳು ಹಳೆಯದರಲ್ಲೂ ಹೊಸದರಲ್ಲೂ ಬಿಲ್ ಹಾಕಿ ತಾಳೆ ನೋಡಿ. ಆ ತಿಂಗಳು ಕೆಲಸ ಎರಡು ಪಟ್ಟು, ಬೆನ್ನು ಮುರಿಯುತ್ತದೆ. ಎಂಟ್ರಿಗೆ ತಾತ್ಕಾಲಿಕವಾಗಿ ಇಬ್ಬರನ್ನು ಕೇಳಿ ಪಡೆಯಿರಿ. ಅದು ಮುಗಿದ ಮೇಲೆ ಯಾರಿಗೆ ಯಾವ ದಿನ ರಜೆ ಎಂಬುದನ್ನು, ಆ ತಿಂಗಳು ಶುರುವಾಗುವ ಮೊದಲೇ ಬರೆದು ಕೈಗೆ ಕೊಡಿ.