ಮರೆಯಲಾಗದ ಪೆಡಂಭೂತವನ್ನು ಸೃಷ್ಟಿಸುವ ಬಗೆ

ಕತೆಯಲ್ಲೋ ಚಿತ್ರದಲ್ಲೋ ಭೀಕರ ಜೀವಿಯೊಂದನ್ನು ತರಬೇಕೆಂದು ಹೊರಟವರು ಸಾಮಾನ್ಯವಾಗಿ ಅದಕ್ಕೆ ಕೋರೆಹಲ್ಲು, ಕೊಂಬು, ನಾಲ್ಕಾರು ಹೆಚ್ಚುವರಿ ಕಣ್ಣುಗಳನ್ನು ಸೇರಿಸುತ್ತಾ ಹೋಗುತ್ತಾರೆ. ಹೀಗೆ ಹುಟ್ಟಿದ ಜೀವಿ ನೋಡಲು ಅಸಹ್ಯವಾಗಿರಬಹುದು. ಆದರೆ ಪುಸ್ತಕ ಮುಚ್ಚಿದ ಮೇಲೂ ನೆನಪಿನಲ್ಲಿ ಉಳಿಯುವ ಗುಣ ಅದಕ್ಕೆ ಅಷ್ಟರಿಂದಲೇ ಬರುವುದಿಲ್ಲ. ಇಂಥದೊಂದು ಜೀವಿ ಇರಲು ಹೇಗೆ ಸಾಧ್ಯ, ಇದ್ದರೆ ಅದು ಹೇಗೆ ಬದುಕುತ್ತದೆ, ಅದಕ್ಕೆ ಬೇಕಾಗಿರುವುದೇನು ಎಂಬ ಕುತೂಹಲವು ಭಯದಷ್ಟೇ ಬಲವಾದದ್ದು, ಮತ್ತು ಮುಖ ಮುಚ್ಚಿಕೊಂಡ ಬೆರಳುಗಳ ಸಂದಿಯಿಂದಲೇ ಪರದೆಯನ್ನು ನೋಡುವ ಪ್ರೇಕ್ಷಕನಲ್ಲಿ ಇವೆರಡೂ ಒಟ್ಟಿಗೇ ಕೆಲಸ ಮಾಡುತ್ತಿರುತ್ತವೆ. ನಿಜದಲ್ಲಿ ಕಂಡರೆ ಮುಖ ತಿರುಗಿಸುವಂಥ ಕ್ಷುದ್ರ ಪ್ರಾಣಿಗಳನ್ನೂ ಶವಗಳನ್ನೂ ಚಿತ್ರದಲ್ಲಿ ನಾವು ಸಂತೋಷದಿಂದ ನೋಡುತ್ತೇವೆ ಎಂದು ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ಗಮನಿಸಿದ್ದ; ಅದಕ್ಕೆ ಅವನು ಕೊಟ್ಟ ಕಾರಣ, ತಿಳಿದುಕೊಳ್ಳುವುದರಲ್ಲಿ ಮನುಷ್ಯನಿಗಿರುವ ಸುಖ. ಆದ್ದರಿಂದ ಪೆಡಂಭೂತವನ್ನು ಕಟ್ಟುವವರು ಹೆದರಿಸುವುದಕ್ಕಿಂತ ಮೊದಲು ಕುತೂಹಲ ಹುಟ್ಟಿಸುವುದನ್ನು ಕಲಿಯಬೇಕು.

ಮೊದಲ ನಿರ್ಧಾರ, ನಿಮ್ಮ ಜೀವಿ ಯಾವ ಗಡಿಯನ್ನು ಉಲ್ಲಂಘಿಸುತ್ತದೆ ಎಂಬುದು. ಭಯಾನಕ ಕಲೆಯ ಬಗ್ಗೆ 1990ರಲ್ಲಿ ಬರೆದ ತತ್ತ್ವಶಾಸ್ತ್ರಜ್ಞ ನೋಯೆಲ್ ಕ್ಯಾರಲ್ ಅವರ ಪ್ರಕಾರ, ನಾವು ಲೋಕವನ್ನು ವಿಂಗಡಿಸಿಕೊಂಡಿರುವ ವರ್ಗಗಳ ನಡುವೆ ಸಿಕ್ಕಿಕೊಂಡ ಜೀವಿಗಳೇ ನಮ್ಮಲ್ಲಿ ಹೇಸಿಗೆಯನ್ನೂ ಆಕರ್ಷಣೆಯನ್ನೂ ಏಕಕಾಲಕ್ಕೆ ಹುಟ್ಟಿಸುತ್ತವೆ. ಬದುಕಿರುವುದು ಮತ್ತು ಸತ್ತಿರುವುದು, ಮನುಷ್ಯ ಮತ್ತು ಪ್ರಾಣಿ, ಜೀವ ಮತ್ತು ಯಂತ್ರ, ಒಂದು ಮತ್ತು ಹಲವು: ಇವುಗಳ ನಡುವೆ ಎಲ್ಲಿ ನಿಂತರೂ ನೋಡುವವರ ಮನಸ್ಸು ಅದನ್ನು ಯಾವ ಕಡೆಗೆ ಹಾಕಬೇಕೆಂದು ತಿಳಿಯದೆ ಮತ್ತೆ ಮತ್ತೆ ಅಲ್ಲಿಗೇ ಮರಳುತ್ತದೆ. ನರಸಿಂಹ ದೇವರೇ ಹೊರತು ರಾಕ್ಷಸನಲ್ಲ, ನಿಜ. ಆದರೂ ಗಡಿಯ ಮೇಲೆ ನಿಲ್ಲುವ ರೂಪವನ್ನು ಹೇಗೆ ಕಟ್ಟಬೇಕೆಂದು ಕಲಿಯಲು ಆ ಕತೆಗಿಂತ ಒಳ್ಳೆಯ ಪಾಠ ನನಗೆ ತಿಳಿದಿಲ್ಲ. ಮನುಷ್ಯನಿಂದಲೂ ಮೃಗದಿಂದಲೂ, ಹಗಲಲ್ಲೂ ಇರುಳಲ್ಲೂ, ಒಳಗೂ ಹೊರಗೂ ಸಾವು ಬಾರದಿರಲಿ ಎಂದು ಹಿರಣ್ಯಕಶಿಪು ವರ ಪಡೆದದ್ದಕ್ಕೆ ಉತ್ತರವಾಗಿ ಸಂಜೆಯ ಹೊತ್ತು, ಹೊಸ್ತಿಲ ಮೇಲೆ, ಅರೆ ಮನುಷ್ಯ ಅರೆ ಸಿಂಹವೊಂದು ಕಾಣಿಸಿಕೊಳ್ಳುತ್ತದೆ. ಅಲ್ಲಿ ದೇಹ, ಹೊತ್ತು, ಜಾಗ ಎಲ್ಲವೂ ಒಂದೇ ತರ್ಕಕ್ಕೆ ಬದ್ಧವಾಗಿವೆ. ನಿಮ್ಮ ಜೀವಿಯಲ್ಲಿಯೂ ಇಂಥ ಒಂದು ತರ್ಕ ಸಾಕು. ಸತ್ತವನೂ ಯಂತ್ರವೂ ಕೀಟವೂ ಆಗಿರುವ ಜೀವಿಯನ್ನು ಸೃಷ್ಟಿಸಿದರೆ ಒಂದು ವಿಚಿತ್ರ ಇನ್ನೊಂದರ ಬಲವನ್ನು ತಿಂದುಹಾಕುತ್ತದೆ.

ದೇಹವನ್ನು ರೂಪಿಸುವಾಗ ಕಲ್ಪನೆಯನ್ನಷ್ಟೇ ನಂಬಿ ಕೂರಬೇಡಿ. ಕಲ್ಪಿತ ಪ್ರಾಣಿಯೊಂದು, ಉದಾಹರಣೆಗೆ ಡ್ರ್ಯಾಗನ್, ಸಹಜವಾಗಿ ಕಾಣಬೇಕಾದರೆ ಅದರ ಪ್ರತಿಯೊಂದು ಅಂಗವೂ ನಿಜವಾದ ಯಾವುದಾದರೂ ಪ್ರಾಣಿಯ ಅಂಗವನ್ನು ಹೋಲಬೇಕೆಂದು ಲಿಯೊನಾರ್ಡೊ ಡ ವಿಂಚಿ ತನ್ನ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದಾನೆ: ತಲೆ ಬೇಟೆನಾಯಿಯದು, ಕಣ್ಣು ಬೆಕ್ಕಿನದು, ಕಿವಿ ಮುಳ್ಳುಹಂದಿಯದು, ಹುಬ್ಬು ಸಿಂಹದ್ದು, ಕುತ್ತಿಗೆ ನೀರಾಮೆಯದು. ಅವನು ಯುವಕನಾಗಿದ್ದಾಗ ಗುರಾಣಿಯೊಂದರ ಮೇಲೆ ಭೀಕರ ಜೀವಿಯ ಚಿತ್ರ ಬರೆಯಲು ಹಲ್ಲಿ, ಹಾವು, ಮಿಡತೆ, ಬಾವಲಿಗಳನ್ನು ಕೋಣೆಗೆ ತಂದಿಟ್ಟುಕೊಂಡನೆಂದೂ, ಸತ್ತ ಪ್ರಾಣಿಗಳ ದುರ್ನಾತ ತಡೆಯಲಾಗದಷ್ಟಾದರೂ ಕೆಲಸದಲ್ಲಿ ಮುಳುಗಿದ್ದ ಅವನಿಗೆ ಅದು ಗೊತ್ತಾಗಲೇ ಇಲ್ಲವೆಂದೂ ಅವನ ಜೀವನಚರಿತ್ರೆ ಬರೆದ ವಸಾರಿ ಹೇಳುತ್ತಾನೆ. ಕತೆ ಎಷ್ಟು ನಿಜವೋ, ಅದರ ಹಿಂದಿನ ವಿಧಾನವಂತೂ ಸರಿಯಾದದ್ದು. ಕೀಲುಗಳು ಎತ್ತ ಬಾಗುತ್ತವೆ, ಭಾರ ಯಾವ ಕಾಲಿನ ಮೇಲೆ ಬೀಳುತ್ತದೆ, ಉಸಿರಾಡುವಾಗ ಪಕ್ಕೆ ಹೇಗೆ ಅಲುಗುತ್ತದೆ ಎಂಬುದು ನಿಮಗೆ ತಿಳಿದಿದ್ದರೆ ಓದುಗನಿಗೆ ವಿವರಿಸದಿದ್ದರೂ ನಡೆಯುತ್ತದೆ. ಗಾತ್ರದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಪಕ್ಕದಲ್ಲಿ ಅಳತೆಗೆ ಸಿಗುವ ಒಂದು ಬಾಗಿಲೋ ಒಂದು ಕೈಯೋ ಇದ್ದರಾಯಿತು.

ಇನ್ನು ಕಟ್ಟಳೆಗಳು. ಏನು ಬೇಕಾದರೂ ಮಾಡಬಲ್ಲ ರಾಕ್ಷಸನಿಂದ ಓದುಗನಿಗೆ ಮಾಡಲು ಕೆಲಸವೇ ಇರುವುದಿಲ್ಲ. 1897ರಲ್ಲಿ ಬ್ರಾಮ್ ಸ್ಟೋಕರ್ ಬರೆದ ಕಾದಂಬರಿಯ ರಕ್ತಪಿಪಾಸು ಡ್ರಾಕುಲಾ ಇಂದಿಗೂ ಬದುಕಿರುವುದಕ್ಕೆ ಅವನ ಶಕ್ತಿಗಿಂತ ಅವನ ಮೇಲಿರುವ ನಿರ್ಬಂಧಗಳೇ ಹೆಚ್ಚು ಕಾರಣವೆಂದು ನನ್ನ ಅಭಿಪ್ರಾಯ: ಮನೆಯವರಲ್ಲಿ ಯಾರಾದರೂ ಮೊದಲು ಕರೆಯದೆ ಅವನು ಒಳಗೆ ಬರಲಾರ, ಕನ್ನಡಿಯಲ್ಲಿ ಕಾಣಿಸಲಾರ, ಹುಟ್ಟಿದ ನೆಲದ ಮಣ್ಣಿಲ್ಲದೆ ವಿಶ್ರಮಿಸಲಾರ. ಇವು ಗೊತ್ತಾದ ಕ್ಷಣದಿಂದ ಓದುಗನು ಪ್ರತಿ ಕಿಟಕಿಯನ್ನೂ ಪ್ರತಿ ಆಹ್ವಾನವನ್ನೂ ಅನುಮಾನದಿಂದ ನೋಡತೊಡಗುತ್ತಾನೆ. ಅಂದಹಾಗೆ, ಆ ಕಾದಂಬರಿಯ ಡ್ರಾಕುಲಾ ಹಗಲಿನಲ್ಲಿಯೂ ಓಡಾಡುತ್ತಾನೆ. ಬಿಸಿಲಿಗೆ ಸಾಯುವ ರಕ್ತಪಿಪಾಸು 1922ರ ಜರ್ಮನ್ ಮೂಕಿಚಿತ್ರ ನೊಸ್ಫೆರಾಟುವಿನ ಕೊಡುಗೆ. ಅಂದರೆ ಬಂದ ಕಟ್ಟಳೆಯನ್ನು ಬದಲಿಸುವ ಸ್ವಾತಂತ್ರ್ಯ ಪ್ರತಿಯೊಬ್ಬ ಕಲಾವಿದನಿಗೂ ಇದೆ. ಒಂದೇ ಕತೆಯ ಮಧ್ಯದಲ್ಲಿ, ನಾಯಕನಿಗೆ ಅನುಕೂಲವಾಗಲೆಂದು, ಬದಲಿಸುವ ಸ್ವಾತಂತ್ರ್ಯ ಮಾತ್ರ ಇಲ್ಲ.

ಕಟ್ಟಳೆಯ ಜೊತೆಗೆ ಜೀವಿಗೊಂದು ಬಯಕೆಯೂ ಬೇಕು. ಹಸಿವಾದರೂ ಸಾಕು, ಆದರೆ ಹಸಿವಿಗಿಂತ ಆಚೆಗಿನದೇನಾದರೂ ಇದ್ದರೆ ಜೀವಿ ಓದುಗನ ಹತ್ತಿರಕ್ಕೆ ಬರುತ್ತದೆ. ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ ಫ್ರಾಂಕೆನ್‌ಸ್ಟೈನ್ ಕಾದಂಬರಿಯಲ್ಲಿ, ಹೆಸರೇ ಇಲ್ಲದ ಆ ಜೀವಿಯು ಬಡ ಕುಟುಂಬವೊಂದರ ಮನೆಗೆ ಹೊಂದಿಕೊಂಡ ಕೊಟ್ಟಿಗೆಯಲ್ಲಿ ಅಡಗಿ, ಗೋಡೆಯ ಬಿರುಕಿನಿಂದ ಅವರನ್ನು ನೋಡುತ್ತಾ ಮಾತು ಕಲಿಯುತ್ತದೆ, ರಾತ್ರಿ ಹೊತ್ತು ಅವರಿಗಾಗಿ ಸೌದೆ ತಂದಿಡುತ್ತದೆ. ಕೊನೆಗೆ ಮನೆಯಲ್ಲಿ ಕುರುಡ ಮುದುಕನೊಬ್ಬನೇ ಇರುವ ಸಮಯ ನೋಡಿ ಒಳಗೆ ಹೋದಾಗ ಮುದುಕ ಅದರೊಡನೆ ಪ್ರೀತಿಯಿಂದಲೇ ಮಾತನಾಡುತ್ತಾನೆ. ಕಣ್ಣಿದ್ದ ಮಗ ಮನೆಗೆ ಮರಳಿ ಅದನ್ನು ಕೋಲಿನಿಂದ ಬಡಿಯುತ್ತಾನೆ. ಜೀವಿಯ ಬಗ್ಗೆ ಕಾದಂಬರಿ ಹೇಳಬೇಕಾದದ್ದೆಲ್ಲವೂ ಆ ಒಂದು ಪ್ರಸಂಗದಲ್ಲಿದೆ. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಬಯಕೆಯನ್ನು ತೋರಿಸುವುದು ಬೇರೆ, ಕೆಟ್ಟತನಕ್ಕೆ ಬಾಲ್ಯದ ನೋವಿನ ಸಮಜಾಯಿಷಿ ಕೊಡುವುದು ಬೇರೆ. ಇತ್ತೀಚೆಗೆ ಎರಡನೆಯದೇ ಹೆಚ್ಚಾಗಿದ್ದು, ಎಲ್ಲವನ್ನೂ ವಿವರಿಸಿದ ಮೇಲೆ ಉಳಿಯುವುದು ಪೆಡಂಭೂತವಲ್ಲ, ಬರೀ ಒಂದು ವರದಿ.

ಜೀವಿ ಸಿದ್ಧವಾದ ಮೇಲೆ ಅದನ್ನು ಮರೆಯಲ್ಲಿಡಿ. 1975ರ ಜಾಸ್ ಚಿತ್ರದ ಚಿತ್ರೀಕರಣದಲ್ಲಿ ಯಾಂತ್ರಿಕ ಶಾರ್ಕ್ ಸಮುದ್ರದ ಉಪ್ಪುನೀರಿನಲ್ಲಿ ಪದೇ ಪದೇ ಕೆಟ್ಟು ನಿಂತದ್ದರಿಂದ ನಿರ್ದೇಶಕ ಸ್ಪೀಲ್‌ಬರ್ಗ್ ಅದರ ಬದಲು ನೀರಿನ ಮೇಲ್ಮೈಯನ್ನೂ ಸಂಗೀತವನ್ನೂ, ಶಾರ್ಕಿನ ಮೈಗೆ ನಾಟಿದ ಈಟಿಗೆ ಕಟ್ಟಿದ್ದ, ತೇಲುವ ಹಳದಿ ಪೀಪಾಯಿಗಳನ್ನೂ ತೋರಿಸಬೇಕಾಯಿತು. ಪೀಪಾಯಿಯೊಂದು ಸರ್ರನೆ ದೋಣಿಯತ್ತ ಬಂದು ನೀರಿನಡಿಗೆ ಮುಳುಗಿದಾಗ, ಕೆಳಗಿರುವ ಮೀನಿನ ಬಲವೆಷ್ಟೆಂದು ಪ್ರೇಕ್ಷಕನೇ ಲೆಕ್ಕ ಹಾಕುತ್ತಾನೆ. ಬರವಣಿಗೆಯಲ್ಲಿ ಇದೇ ಕೆಲಸವನ್ನು ಕುರುಹುಗಳಿಂದ ಮಾಡಿಸಬಹುದು: ಅಲುಗಿದ ಚಿಲಕ, ಒಂದು ಹೆಜ್ಜೆ ಹೆಚ್ಚಾಗಿರುವ ಜಾಡು, ಇದ್ದಕ್ಕಿದ್ದಂತೆ ಬೊಗಳುವುದನ್ನು ನಿಲ್ಲಿಸಿದ ನಾಯಿ. ಧ್ವನಿಯೂ ದೇಹದಷ್ಟೇ ಮುಖ್ಯ. 1954ರ ಜಪಾನೀ ಚಿತ್ರದ ದೈತ್ಯ ಜೀವಿ ಗಾಡ್ಜಿಲ್ಲಾದ ಘರ್ಜನೆಯನ್ನು ಸಂಗೀತ ಸಂಯೋಜಕ ಅಕಿರಾ ಇಫುಕುಬೆ ಯಾವ ಪ್ರಾಣಿಯ ಕೂಗಿನಿಂದಲೂ ತೆಗೆಯಲಿಲ್ಲ. ಡಬಲ್ ಬಾಸ್ ವಾದ್ಯದ ಸಡಿಲಿಸಿದ ತಂತಿಯನ್ನು ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಉಜ್ಜಿ ಹೊರಡಿಸಿದ ಸದ್ದು ಅದು. ಅದೇ ವರ್ಷದ ಮಾರ್ಚ್‌ನಲ್ಲಿ ಪೆಸಿಫಿಕ್ ಸಾಗರದಲ್ಲಿ ಅಮೆರಿಕ ನಡೆಸಿದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ವಿಕಿರಣದ ಬೂದಿ ಜಪಾನಿನ ಮೀನುಗಾರರ ದೋಣಿಯ ಮೇಲೆ ಸುರಿದಿತ್ತು. ನವೆಂಬರಿನಲ್ಲಿ ತೆರೆಕಂಡ ಆ ಚಿತ್ರ ದೋಣಿಯೊಂದರ ನಾಶದಿಂದಲೇ ಆರಂಭವಾಗುತ್ತದೆ. ಹೀಗೆ ಕಾಲದ ಭಯವನ್ನು ಒಂದು ಘಟನೆಯ ಮೂಲಕ ಒಳಗೆ ಬಿಡಬೇಕು. ಪಾತ್ರಗಳ ಬಾಯಲ್ಲಿ ಭಾಷಣವಾಗಿ ಹೇಳಿಸಬಾರದು.

ಚಿತ್ರಕಾರರಿಗೆ ಮರೆಮಾಚುವ ಅವಕಾಶ ಕಡಿಮೆ, ಏಕೆಂದರೆ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತದೆ. ಅವರು ಕಣ್ಣುಗಳ ಮೇಲೆ ದುಡಿಯಬೇಕು. ಸ್ಪೇನಿನ ಚಿತ್ರಕಾರ ಗೋಯಾ 1819ರಿಂದ 1823ರ ನಡುವೆ ತನ್ನ ಮನೆಯ ಗೋಡೆಯ ಮೇಲೆ ಬರೆದ, ಈಗ ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿರುವ ಚಿತ್ರದಲ್ಲಿ ರೋಮನ್ ಪುರಾಣದ ದೇವತೆ ಸ್ಯಾಟರ್ನ್ ತನ್ನ ಮಗುವನ್ನೇ ತಿನ್ನುತ್ತಿದ್ದಾನೆ. ಸುತ್ತಲೂ ಕಪ್ಪು, ಕಾಣಿಸುವುದು ತೆರೆದ ಬಾಯಿ, ಬೆರಳುಗಳು ನಾಟಿರುವ ಬೆನ್ನು, ಮತ್ತು ಕಣ್ಣುಗುಡ್ಡೆ ಹೊರಬರುವಷ್ಟು ಅರಳಿದ ಕಣ್ಣುಗಳು. ಆ ಕಣ್ಣುಗಳಲ್ಲಿ ಕ್ರೌರ್ಯಕ್ಕಿಂತ ದಿಗಿಲೇ ಹೆಚ್ಚಾಗಿದ್ದು, ತಾನು ಮಾಡುತ್ತಿರುವುದನ್ನು ಕಂಡು ಅವನೇ ಬೆಚ್ಚಿದಂತಿದೆ.

ಕರಡು ಮುಗಿದ ಮೇಲೆ ಅದನ್ನು ಓದಿದವರೊಬ್ಬರಿಗೆ ಕತೆಯಲ್ಲಿಲ್ಲದ ಒಂದು ಸನ್ನಿವೇಶವನ್ನು ಕೊಟ್ಟು, ಆಗ ನಿಮ್ಮ ಜೀವಿ ಏನು ಮಾಡುತ್ತಿತ್ತೆಂದು ಕೇಳಿ: ಖಾಲಿ ಮನೆಯಲ್ಲಿ ಅದೊಂದನ್ನೇ ಬಿಟ್ಟರೆ, ಅಥವಾ ಮಲಗಿರುವ ಮಗು ಎದುರಾದರೆ. ಅವರು ತಡವರಿಸದೆ ಉತ್ತರಿಸಿದರೆ ಸಂತೋಷ. "ಕೊಂದುಬಿಡುತ್ತದೆ" ಎಂಬುದನ್ನು ಬಿಟ್ಟು ಬೇರೇನೂ ಅವರಿಗೆ ಹೊಳೆಯದಿದ್ದರೆ, ಹಲ್ಲು ಉಗುರುಗಳನ್ನು ಹಾಗೆಯೇ ಬಿಟ್ಟು, ಬಯಕೆ ಮತ್ತು ಕಟ್ಟಳೆಗಳಿಗೆ ಹಿಂದಿರುಗಿ ಅಲ್ಲಿಂದ ಮತ್ತೆ ಬರೆಯಿರಿ.